ಯಾವುದು ವೆಚ್ಚ, ಯಾವುದು ದಾಸೋಹ?



ಒಬ್ಬರು ಮಠಕ್ಕೆ ಬಂದು ದಾಸೋಹಕ್ಕೆಂದು ಹತ್ತು ಚೀಲ ಅಕ್ಕಿ ಇಳಿಸುತ್ತಾರೆ. ಪೂಜ್ಯರ ದರ್ಶನ ಪಡೆದು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮೂರು ವಾರ ಕಳೆದ ಮೇಲೆ ಅದೇ ವ್ಯಕ್ತಿ ಚುನಾವಣೆಗೆ ನಾಮಪತ್ರ ಸಲ್ಲಿಸುತ್ತಾರೆ. ಆ ಹತ್ತು ಚೀಲ ಅಕ್ಕಿಯನ್ನು ಭಕ್ತಿಯ ಲೆಕ್ಕಕ್ಕೆ ಹಿಡಿಯಬೇಕೋ, ಚುನಾವಣಾ ವೆಚ್ಚದ ಲೆಕ್ಕಕ್ಕೋ? 2024ರ ಲೋಕಸಭಾ ಚುನಾವಣೆಯಿಂದೀಚೆಗೆ ಪತ್ರಿಕೆಯ ಕೆಲಸಕ್ಕೆಂದು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಭಾಗದ ಮಠಗಳಿಗೆ ಹೋದಾಗಲೆಲ್ಲ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ನನ್ನ ಕಿವಿಗೆ ಬಿದ್ದಿದೆ. ಕೇಳಿದವರು ಮಠದ ಕಮಿಟಿಯ ಹಿರಿಯರು, ದಾಸೋಹ ಮನೆಯ ಉಸ್ತುವಾರಿ ನೋಡುವವರು, ಅಕ್ಕನ ಬಳಗದ ತಾಯಂದಿರು. ಉತ್ತರ ಹುಡುಕಲು ನಾನು ಕಾನೂನನ್ನು ಓದಿದೆ. ಅಲ್ಲಿ ಸಿಕ್ಕ ಉತ್ತರ ನೇರವಾಗಿದೆ: ಆ ಅಕ್ಕಿ ಚುನಾವಣಾ ವೆಚ್ಚವಲ್ಲ. ಅಕ್ಕಿ ಇಳಿದ ದಿನ ಅವರು ಅಭ್ಯರ್ಥಿಯೇ ಆಗಿರಲಿಲ್ಲವಲ್ಲ!

ಇದು ಹೇಗೆ ಎಂಬುದನ್ನು ನಮ್ಮ ಓದುಗರು ತಿಳಿಯಬೇಕು. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೇ ಕಲಮಿನಲ್ಲಿ ಎಲ್ಲ ಅಡಗಿದೆ. ಅಭ್ಯರ್ಥಿಯಾಗಲಿ ಅವರ ಚುನಾವಣಾ ಏಜೆಂಟರಾಗಲಿ ಚುನಾವಣೆಗೆ ಸಂಬಂಧಿಸಿ ಮಾಡಿದ ಅಥವಾ ಮಾಡಲು ಒಪ್ಪಿಗೆ ಕೊಟ್ಟ ಎಲ್ಲ ಖರ್ಚಿಗೂ ಪ್ರತ್ಯೇಕವಾದ, ಸರಿಯಾದ ಲೆಕ್ಕ ಇಡಬೇಕು. ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗೆ ಮಾತ್ರ ಈ ಲೆಕ್ಕ. ಒಟ್ಟು ಮೊತ್ತ ನಿಗದಿತ ಮಿತಿ ದಾಟಕೂಡದು. ಮೊದಲ ಮಹಾಚುನಾವಣೆಯಲ್ಲಿ ಲೋಕಸಭಾ ಅಭ್ಯರ್ಥಿಗೆ ಆ ಮಿತಿ 25,000 ರೂಪಾಯಿ ಇತ್ತು. 2014ರಲ್ಲಿ 70 ಲಕ್ಷವಾಯಿತು. 2022ರ ಜನವರಿಯಿಂದ ಕರ್ನಾಟಕದಂಥ ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ.

ನಮ್ಮ ಹಾವೇರಿ ಲೋಕಸಭಾ ಕ್ಷೇತ್ರವನ್ನೇ ತೆಗೆದುಕೊಳ್ಳಿ. 2009ರ ಚುನಾವಣೆಯಿಂದ ಈ ಹೆಸರಿನಲ್ಲಿರುವ ಕ್ಷೇತ್ರ ಇದು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಹಿರೇಕೆರೂರು, ಹಾನಗಲ್ಲ ಒಂದು ಕಡೆ. ಗದಗ, ರೋಣ, ಶಿರಹಟ್ಟಿ ಇನ್ನೊಂದು ಕಡೆ. ಒಟ್ಟು ಎಂಟು ವಿಧಾನಸಭಾ ಕ್ಷೇತ್ರಗಳು, ಹದಿನೇಳು–ಹದಿನೆಂಟು ಲಕ್ಷ ಮತದಾರರು. 95 ಲಕ್ಷವನ್ನು ಇಷ್ಟು ಜನಕ್ಕೆ ಹಂಚಿದರೆ ತಲೆಗೆ ಐದು ರೂಪಾಯಿ ಚಿಲ್ಲರೆ ಬರುತ್ತದೆ. ರಾಣೆಬೆನ್ನೂರು ಬಸ್ ನಿಲ್ದಾಣದ ಹೊರಗೆ ಅಷ್ಟಕ್ಕೆ ಒಂದು ಚಹಾ ಸಿಗುವುದೂ ಕಷ್ಟ. ಹೀಗಿದ್ದರೂ ಗೆದ್ದವರು ಕೊಡುವ ಲೆಕ್ಕ ಮಿತಿಯ ಹತ್ತಿರವೂ ಬರುವುದಿಲ್ಲ! ಎಡಿಆರ್ ಸಂಸ್ಥೆ ಮಾಡಿದ ಲೆಕ್ಕದ ಪ್ರಕಾರ 2014ರಲ್ಲಿ ಗೆದ್ದ ಸಂಸದರು ಘೋಷಿಸಿದ ಸರಾಸರಿ ವೆಚ್ಚ ಸುಮಾರು 40 ಲಕ್ಷ, ಅಂದರೆ ಆಗಿನ ಮಿತಿಯ ಶೇ. 58ರಷ್ಟು. ಊರಿಗೆ ಊರೇ ಕಣ್ಣಾರೆ ನೋಡಿದ ಖರ್ಚು ಬೇರೆ, ಕಾಗದದ ಮೇಲಿನ ಖರ್ಚು ಬೇರೆ. ಇವರೆಲ್ಲ ಸುಳ್ಳು ಬರೆಯುತ್ತಾರೆ ಎಂದು ಹೇಳಿಬಿಡುವುದು ಸುಲಭ. ಬರೆಯುವವರೂ ಇದ್ದಾರು. ಆದರೆ ಬಹಳಷ್ಟು ಖರ್ಚನ್ನು ಸುಳ್ಳು ಹೇಳುವ ಅಗತ್ಯವೇ ಇಲ್ಲದಂತೆ ಕಾನೂನೇ ಹೊರಗಿಟ್ಟಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಮೊದಲು ದಿನಾಂಕದ ವಿಷಯ. 2024ರ ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಗೆ ಬಂದದ್ದು ಮಾರ್ಚ್ 16ರಂದು. ಹಾವೇರಿಯೂ ಸೇರಿದ ಉತ್ತರ ಕರ್ನಾಟಕದ ಕ್ಷೇತ್ರಗಳಿಗೆ ಅಧಿಸೂಚನೆ ಹೊರಟದ್ದು ಏಪ್ರಿಲ್ 12ರಂದು. ನಾಮಪತ್ರಕ್ಕೆ ಏಪ್ರಿಲ್ 19 ಕೊನೆಯ ದಿನ, ಮತದಾನ ಮೇ 7, ಎಣಿಕೆ ಜೂನ್ 4. ಅಂದರೆ ನೀತಿಸಂಹಿತೆ ಬಂದ ಮೇಲೂ ಸುಮಾರು ನಾಲ್ಕು ವಾರ ಅಭ್ಯರ್ಥಿಯ ಖಾತೆಯ ಪುಟ ತೆರೆಯುವುದೇ ಇಲ್ಲ. ಅದಕ್ಕೂ ಹಿಂದಿನ ಆರು ತಿಂಗಳು, ಒಂದು ವರ್ಷದ ಮಾತಂತೂ ದೂರ. ಜಾತ್ರೆಯ ಬ್ಯಾನರು, ಕ್ರಿಕೆಟ್ ಪಂದ್ಯಾವಳಿಯ ಕಪ್ಪು, ಸಾಮೂಹಿಕ ವಿವಾಹದ ತಾಳಿ, ಬಾಗಿನದ ಸೀರೆ, ಎಲ್ಲವೂ ಆ ಅವಧಿಯಲ್ಲೇ ನಡೆದು ಹೋಗಿರುತ್ತವೆ.

ಹಿಂದೆ ಹೀಗಿರಲಿಲ್ಲ. 1975ರವರೆಗೆ ಲೆಕ್ಕ ಅಧಿಸೂಚನೆ ಪ್ರಕಟವಾದ ದಿನದಿಂದ ಆರಂಭವಾಗುತ್ತಿತ್ತು. 'ಅಭ್ಯರ್ಥಿ' ಎಂಬ ಪದದ ಅರ್ಥವೂ ವಿಶಾಲವಾಗಿತ್ತು. ಚುನಾವಣೆ ಬರಲಿದೆ ಎಂದು ತಿಳಿದು ತಾನು ನಿಲ್ಲುತ್ತೇನೆ ಎಂದು ಯಾವಾಗ ತೋರಿಸಿಕೊಂಡನೋ ಅಂದಿನಿಂದಲೇ ಅವನನ್ನು ಅಭ್ಯರ್ಥಿ ಎಂದು ಎಣಿಸಲಾಗುತ್ತಿತ್ತು. ಇಂದಿರಾ ಗಾಂಧಿಯವರ ರಾಯಬರೇಲಿ ಆಯ್ಕೆಯನ್ನು ಅಲಹಾಬಾದ್ ಹೈಕೋರ್ಟ್ 1975ರ ಜೂನ್ 12ರಂದು ರದ್ದು ಮಾಡಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ಇರುವಾಗಲೇ, ತುರ್ತುಪರಿಸ್ಥಿತಿಯ ನಡುವೆ, ಸಂಸತ್ತು ಕಾಯ್ದೆ ತಿದ್ದಿತು. ಅಭ್ಯರ್ಥಿ ಎಂದರೆ ನಾಮಪತ್ರ ಸಲ್ಲಿಸಿದವನು ಮಾತ್ರ, ಲೆಕ್ಕ ಎಂದರೆ ಆ ದಿನದಿಂದ ಮಾತ್ರ ಎಂದಾಯಿತು. ಆ ಸರ್ಕಾರ ಹೋಯಿತು, ಆಮೇಲೆ ಹತ್ತಾರು ಸರ್ಕಾರಗಳು ಬಂದವು. ಈ ಎರಡು ತಿದ್ದುಪಡಿಗಳನ್ನು ಯಾರೂ ಮುಟ್ಟಲಿಲ್ಲ. ಪಕ್ಷಗಳೆಲ್ಲ ಒಮ್ಮತದಿಂದ ಉಳಿಸಿಕೊಂಡ ಕೆಲವೇ ಸಂಗತಿಗಳಲ್ಲಿ ಇದೂ ಒಂದು.

2023ರ ವಿಧಾನಸಭಾ ಚುನಾವಣೆಗೆ ನೀತಿಸಂಹಿತೆ ಬರುವುದಕ್ಕೆ ಮೊದಲು, ಮಾರ್ಚ್ ತಿಂಗಳಲ್ಲಿ, ರಾಣೆಬೆನ್ನೂರಿನಲ್ಲಿ ಜನಪ್ರತಿನಿಧಿಯೊಬ್ಬರ ಮನೆಯ ಮೇಲೆ ಅಧಿಕಾರಿಗಳು ದಾಳಿ ಮಾಡಿದ್ದು, ಸೀರೆ, ಶಾಲಾ ಚೀಲ ಮೊದಲಾದವು ಸಿಕ್ಕಿದ್ದು ಪತ್ರಿಕೆಗಳಲ್ಲಿ ಬಂದದ್ದು ನಿಮಗೆ ನೆನಪಿರಬಹುದು. ಆಗ ಪರಿಶೀಲನೆ ನಡೆದದ್ದು ತೆರಿಗೆಯ ದೃಷ್ಟಿಯಿಂದ. ಚುನಾವಣಾ ವೆಚ್ಚದ ದೃಷ್ಟಿಯಿಂದ ನೋಡಲು ಆ ಹೊತ್ತಿಗೆ ಅಭ್ಯರ್ಥಿ ಎಂಬವರೇ ಇರಲಿಲ್ಲ. ಆ ಚುನಾವಣೆ ಮುಗಿಯುವ ಹೊತ್ತಿಗೆ ಕರ್ನಾಟಕದಲ್ಲಿ 375 ಕೋಟಿ ರೂಪಾಯಿಗೂ ಹೆಚ್ಚು ಮೌಲ್ಯದ ನಗದು, ಮದ್ಯ, ವಸ್ತುಗಳನ್ನು ಜಪ್ತಿ ಮಾಡಿದ್ದೇವೆ ಎಂದು ಚುನಾವಣಾ ಆಯೋಗವೇ ಹೇಳಿತು. ಇದು ಕೈಗೆ ಸಿಕ್ಕಿದ್ದು ಮಾತ್ರ.

ಎರಡನೆಯದು, ಖರ್ಚು ಮಾಡಿದವರು ಯಾರು ಎಂಬ ಪ್ರಶ್ನೆ. 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಒಂದು ದಿಟ್ಟ ತೀರ್ಪು ಕೊಟ್ಟಿತು. ಅಭ್ಯರ್ಥಿಯ ಗೆಲುವಿಗಾಗಿ ಪಕ್ಷ ಮಾಡಿದ ಖರ್ಚನ್ನು ಅಭ್ಯರ್ಥಿ ಗೊತ್ತಿದ್ದೂ ಒಪ್ಪಿಕೊಂಡರೆ ಅದು ಅವನ ಖರ್ಚೇ ಎಂದು ಹೇಳಿತು. ಹಣವಂತರ ಪಕ್ಷ, ಬಡವರ ಪಕ್ಷ ಎಂಬ ಭೇದ ಚುನಾವಣೆಯಲ್ಲಿ ಇರಬಾರದು ಎಂಬುದು ಅದರ ಹಿಂದಿನ ಕಾಳಜಿ. ತೀರ್ಪು ಬಂದು ತಿಂಗಳಾಗುವ ಮೊದಲೇ ಸುಗ್ರೀವಾಜ್ಞೆ ಬಂತು. ಪಕ್ಷ ಅಥವಾ ಬೇರೆ ಯಾರೇ ಮಾಡಿದ ಖರ್ಚು ಅಭ್ಯರ್ಥಿಯದಲ್ಲ ಎಂದು ಕಾಯ್ದೆಗೆ ವಿವರಣೆ ಸೇರಿತು. ಇದರ ಫಲ ಏನು ಎಂಬುದನ್ನು ನಮ್ಮ ಕರ್ನಾಟಕದ್ದೇ ಮೊಕದ್ದಮೆ ತೋರಿಸಿತು. 1991ರಲ್ಲಿ ಬೆಂಗಳೂರು ಉತ್ತರದಿಂದ ಸಿ.ಕೆ. ಜಾಫರ್ ಷರೀಫ್ ಅವರು ಆಯ್ಕೆಯಾದದ್ದನ್ನು ಸಿ. ನಾರಾಯಣಸ್ವಾಮಿಯವರು ಪ್ರಶ್ನಿಸಿದರು. 1994ರಲ್ಲಿ ಸುಪ್ರೀಂ ಕೋರ್ಟು ಆಯ್ಕೆಯನ್ನು ರದ್ದು ಮಾಡಲಿಲ್ಲ. ಆದರೆ ಕಾನೂನು ಈಗಿರುವಂತೆ ಕಳ್ಳಸಾಗಣೆದಾರನೋ ಸಮಾಜಘಾತುಕನೋ ತನಗೆ ಬೇಕಾದ ಅಭ್ಯರ್ಥಿಗೆ ಎಷ್ಟು ಬೇಕಾದರೂ ಸುರಿಯಬಹುದು, ಅದಕ್ಕೆ ಲೆಕ್ಕ ಕೊಡಬೇಕಾಗಿಲ್ಲ ಎಂಬ ಅರ್ಥದ ಮಾತನ್ನು ನ್ಯಾಯಾಲಯ ವಿಷಾದದಿಂದ ಬರೆಯಿತು.

ಆ ವಿವರಣೆಯನ್ನು ಬಹುಪಾಲು ತೆಗೆದುಹಾಕಲು 2003ರವರೆಗೆ ಕಾಯಬೇಕಾಯಿತು. ಈಗ ಉಳಿದಿರುವ ಮುಖ್ಯ ವಿನಾಯಿತಿ ಪಕ್ಷದ ತಾರಾ ಪ್ರಚಾರಕರ ಪ್ರಯಾಣದ್ದು. ಮಾನ್ಯತೆ ಪಡೆದ ಪಕ್ಷಕ್ಕೆ 40 ಜನ, ಮಾನ್ಯತೆ ಇಲ್ಲದ ನೋಂದಾಯಿತ ಪಕ್ಷಕ್ಕೆ 20 ಜನ. ಅವರು ಹೆಲಿಕಾಪ್ಟರಿನಲ್ಲಿ ಬಂದಿಳಿದರೂ ಅದು ಅಭ್ಯರ್ಥಿಯ ಖಾತೆಗೆ ಬರುವುದಿಲ್ಲ. ಆದರೆ ಅದೇ ವೇದಿಕೆಯಲ್ಲಿ ಅಭ್ಯರ್ಥಿ ಕುಳಿತರೆ, ಅವರ ಹೆಸರೋ ಫೋಟೋ ಇರುವ ಬ್ಯಾನರೋ ಅಲ್ಲಿದ್ದರೆ, ಸಭೆಯ ಖರ್ಚಿನಲ್ಲಿ ಅವರ ಪಾಲು ಅವರ ಲೆಕ್ಕಕ್ಕೆ ಸೇರುತ್ತದೆ. ಹೀಗಾಗಿ ಕೆಲವು ಸಭೆಗಳಲ್ಲಿ ಅಭ್ಯರ್ಥಿಯ ಫೋಟೋ ಕಾಣದಿದ್ದರೆ ಅದು ವಿನಯ ಎಂದು ಯಾರೂ ತಿಳಿಯಬೇಕಾಗಿಲ್ಲ. ಇನ್ನು ಪಕ್ಷ ತನ್ನ ಹೆಸರಿನಲ್ಲಿ, ತನ್ನ ಚಿಹ್ನೆಗಾಗಿ ಮಾಡುವ ಸಾಮಾನ್ಯ ಪ್ರಚಾರಕ್ಕೆ ನಮ್ಮ ದೇಶದಲ್ಲಿ ಮಿತಿಯೇ ಇಲ್ಲ. ಲೋಕಸಭಾ ಚುನಾವಣೆ ಮುಗಿದ 90 ದಿನಗಳೊಳಗೆ ಆಯೋಗಕ್ಕೆ ಲೆಕ್ಕ ಕೊಟ್ಟರೆ ಮುಗಿಯಿತು. ವೆಚ್ಚಕ್ಕೆ ಮಿತಿ ಹಾಕುವ ಪದ್ಧತಿಯನ್ನು ನಾವು ಕಲಿತದ್ದು ಬ್ರಿಟಿಷರಿಂದ. ಅವರು 1883ರಲ್ಲಿ ಅಭ್ಯರ್ಥಿಗೆ ಮಿತಿ ಹಾಕಿದರು, 2000ದ ಕಾಯ್ದೆಯಲ್ಲಿ ಪಕ್ಷಗಳಿಗೂ ಹಾಕಿದರು. ನಾವು ಅರ್ಧ ಪಾಠಕ್ಕೇ ನಿಂತೆವು. ಚುನಾವಣಾ ಬಾಂಡ್‌ಗಳನ್ನು 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟು ರದ್ದು ಮಾಡಿದಾಗ ಎಷ್ಟೋ ಜನ ಎಲ್ಲ ಸರಿಹೋಯಿತು ಎಂದುಕೊಂಡರು. ಅದು ಪಕ್ಷಕ್ಕೆ ಹಣ ಬರುವ ದಾರಿಯ ವಿಚಾರ. ಹೋಗುವ ದಾರಿ ಇದ್ದ ಹಾಗೆಯೇ ಇದೆ.

ಇನ್ನು ಬೇರೆಯವರು ಅಭ್ಯರ್ಥಿಯ ಪರವಾಗಿ, ಅವರ ಲಿಖಿತ ಒಪ್ಪಿಗೆ ಇಲ್ಲದೆ ಖರ್ಚು ಮಾಡಿದರೆ? 1920ರಲ್ಲಿ ದಂಡಸಂಹಿತೆಗೆ ಸೇರಿಸಿದ ಕಲಮಿನ ಪ್ರಕಾರ ಅದು ಅಪರಾಧ, ಗರಿಷ್ಠ ದಂಡ 500 ರೂಪಾಯಿ. ನೂರು ವರ್ಷ ಅದು 500 ರೂಪಾಯಿಯೇ ಆಗಿತ್ತು. 2024ರ ಜುಲೈನಿಂದ ಜಾರಿಯಾದ ನ್ಯಾಯ ಸಂಹಿತೆಯಲ್ಲಿ ಅದು ಹತ್ತು ಸಾವಿರವಾಗಿದೆ.

ಮೂರನೆಯದು, ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದು. ಇಲ್ಲಿಯೂ ನಮ್ಮ ರಾಜ್ಯದ್ದೇ ಪ್ರಕರಣವಿದೆ. 1994ರ ನಾಗಮಂಗಲ ವಿಧಾನಸಭಾ ಚುನಾವಣೆಗೆ ಸಂಬಂಧಿಸಿದ ಎಲ್.ಆರ್. ಶಿವರಾಮೇಗೌಡರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದು ಇದು: ಮಿತಿ ಮೀರಿ ಖರ್ಚು ಮಾಡುವುದು ಭ್ರಷ್ಟ ಆಚರಣೆ, ಲೆಕ್ಕವನ್ನು ಸರಿಯಾಗಿ ಇಡದಿರುವುದಷ್ಟೇ ಭ್ರಷ್ಟ ಆಚರಣೆಯಲ್ಲ, ಆ ಕಾರಣಕ್ಕೆ ಆಯ್ಕೆ ರದ್ದಾಗದು. ಲೆಕ್ಕವನ್ನು ಸರಿಯಾದ ರೀತಿಯಲ್ಲಿ ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಕೊಟ್ಟ ಲೆಕ್ಕ ನಿಜವೋ ಎಂದು ಒಳಹೊಕ್ಕು ನೋಡುವ ಅಧಿಕಾರವೂ ಆಯೋಗಕ್ಕಿದೆ ಎಂದು 2014ರಲ್ಲಿ ಮಹಾರಾಷ್ಟ್ರದ ಅಶೋಕ್ ಚವಾಣ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಅಧಿಕಾರ ಇದೆ ಎನ್ನುವುದೂ ಅದನ್ನು ಗೆದ್ದವರ ಮೇಲೆ ಬಳಸುವುದೂ ಬೇರೆ ಬೇರೆ ಮಾತು.

ಲೆಕ್ಕ ಇಡುವ ಕ್ರಮವನ್ನೂ ಸ್ವಲ್ಪ ಹೇಳಬೇಕು, ಯಾಕೆಂದರೆ ಇದರಲ್ಲಿ ಒಳ್ಳೆಯದೂ ಇದೆ. ಅಭ್ಯರ್ಥಿಗೆ ಒಂದು ರಿಜಿಸ್ಟರ್ ಕೊಡುತ್ತಾರೆ. ಬಿಳಿ ಹಾಳೆಗಳಲ್ಲಿ ದಿನದ ಖರ್ಚು, ಗುಲಾಬಿ ಹಾಳೆಗಳಲ್ಲಿ ನಗದು, ಹಳದಿ ಹಾಳೆಗಳಲ್ಲಿ ಬ್ಯಾಂಕಿನ ವ್ಯವಹಾರ. ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬರಿಗೆ ಹತ್ತು ಸಾವಿರಕ್ಕಿಂತ ಹೆಚ್ಚು ನಗದಾಗಿ ಕೊಡಬಾರದು. ಕುರ್ಚಿ, ಶಾಮಿಯಾನ, ಊಟ, ಚಹಾ, ಧ್ವನಿವರ್ಧಕ, ಜೀಪಿನ ಬಾಡಿಗೆ ಇವಕ್ಕೆಲ್ಲ ಜಿಲ್ಲಾ ಚುನಾವಣಾಧಿಕಾರಿಗಳು ದರಪಟ್ಟಿ ಮಾಡುತ್ತಾರೆ. ಸಭೆಗಳನ್ನು ವಿಡಿಯೋ ಮಾಡಿ, ಎಷ್ಟು ಕುರ್ಚಿ, ಎಷ್ಟು ವಾಹನ ಎಂದು ಎಣಿಸಿ, ಅಧಿಕಾರಿಗಳು ತಮ್ಮದೇ ಇನ್ನೊಂದು ನೆರಳು ಪುಸ್ತಕ ಬರೆಯುತ್ತಾರೆ. ಪ್ರಚಾರದ ಅವಧಿಯಲ್ಲಿ ಕನಿಷ್ಠ ಮೂರು ಸಲ ಎರಡನ್ನೂ ತಾಳೆ ನೋಡುತ್ತಾರೆ. ಫಲಿತಾಂಶ ಬಂದ 30 ದಿನಗಳೊಳಗೆ ಪೂರ್ತಿ ಲೆಕ್ಕ ಒಪ್ಪಿಸಬೇಕು. ಇದನ್ನು ನಾನು ಬ್ಯಾಡಗಿಯ ಪರಿಚಯದ ದಲಾಲಿ ಅಂಗಡಿಯ ಹಿರಿಯರಿಗೆ ವಿವರಿಸಿದಾಗ ಅವರು ನಕ್ಕು, "ನಮ್ಮ ಕಿರ್ದಿ–ಖಾತೆಗಿಂತ ಛಲೋ ಐತಲ್ರೀ! ಆದ್ರ ನಮ್ಮಲ್ಲಿ ಮಾಲು ಬಂದ ದಿನದಿಂದ ಬರಿಯೂದು. ಇವ್ರು ಮಾಲು ಮಾರಿ ಮುಗಿದ ಮ್ಯಾಲ ಪುಸ್ತಕ ತೆರಿತಾರ" ಎಂದರು. ಇಡೀ 77ನೇ ಕಲಮಿಗೆ ಇದಕ್ಕಿಂತ ಚೆನ್ನಾದ ಟೀಕೆಯನ್ನು ನಾನು ಎಲ್ಲೂ ಓದಿಲ್ಲ.

ಆ ಪೇಟೆಯವರಿಗೆ ಈ ನಿಯಮಗಳ ಬಿಸಿ ಇನ್ನೊಂದು ರೀತಿಯಲ್ಲಿ ತಟ್ಟುತ್ತದೆ. ಮೆಣಸಿನಕಾಯಿಯ ಸುಗ್ಗಿ ಜನವರಿಯಿಂದ ಏಪ್ರಿಲ್‌ವರೆಗೆ. ಲೋಕಸಭಾ ಚುನಾವಣೆಯೂ ಆಗಲೇ. 2024ರ ಮಾರ್ಚ್ 11ರಂದು ದರ ಕುಸಿಯಿತೆಂದು ರೈತರ ಸಿಟ್ಟು ಸ್ಫೋಟಗೊಂಡು ಬ್ಯಾಡಗಿಯ ಎಪಿಎಂಸಿ ಕಚೇರಿ, ವಾಹನಗಳು ಹೊತ್ತಿ ಉರಿದವು. ಐದು ದಿನಕ್ಕೆ ನೀತಿಸಂಹಿತೆ ಬಂತು, ರಸ್ತೆಗಳಲ್ಲಿ ಚೆಕ್‌ಪೋಸ್ಟ್ ಎದ್ದವು. ಬಳ್ಳಾರಿ, ರಾಯಚೂರು, ಕರ್ನೂಲು ಕಡೆಯಿಂದ ಬಂದು ಕಾಯಿ ಮಾರಿದ ರೈತ ನಗದು ಕಟ್ಟಿಕೊಂಡು ಮರಳುವ ದಾರಿಯಲ್ಲಿ ದಾಖಲೆ ತೋರಿಸಬೇಕು. 50,000 ರೂಪಾಯಿಯ ಗೆರೆಯನ್ನು ಆಯೋಗ ಮುಖ್ಯವಾಗಿ ಇಟ್ಟದ್ದು ಅಭ್ಯರ್ಥಿ, ಏಜೆಂಟ್, ಪಕ್ಷದ ಕಾರ್ಯಕರ್ತರು ಇರುವ ವಾಹನಗಳಿಗೆ. ಚೆಕ್‌ಪೋಸ್ಟಿನ ಬಿಸಿಲಿನಲ್ಲಿ ಈ ಭೇದ ಉಳಿಯುವುದು ಕಡಿಮೆ. ಆದ್ದರಿಂದ ನಮ್ಮ ರೈತ ಬಂಧುಗಳು ತಿಳಿದಿರಲಿ: ದಲಾಲಿ ಅಂಗಡಿಯ ಪಟ್ಟಿ ಜೊತೆಗಿರಲಿ. ಹಣ ಹಿಡಿದರೆ ರಸೀದಿ ಕೇಳಿ. ಜಿಲ್ಲಾ ಪಂಚಾಯತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿರುವ ಮೂವರ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರುತ್ತದೆ. ಚುನಾವಣೆಗೆ ಸಂಬಂಧವಿಲ್ಲದ ಹಣವೆಂದು ಕಂಡರೆ ಬಿಡಿಸುವುದು ಅವರ ಕೆಲಸ. ಸೀರೆಯ ಲಾರಿ ನೀತಿಸಂಹಿತೆಗೆ ಮೊದಲೇ ದಾಟಿ ಹೋಗುತ್ತದೆ, ಮೆಣಸಿನಕಾಯಿ ದುಡ್ಡಿನ ರೈತ ಸಿಕ್ಕಿಬೀಳುತ್ತಾನೆ ಎಂಬ ಹಳ್ಳಿಯ ಮಾತಿನಲ್ಲಿ ಅತಿಶಯ ಇರಬಹುದು, ಹುರುಳಂತೂ ಇದೆ.

ಈಗ ಮಠದ ವಿಷಯಕ್ಕೆ ಬರುತ್ತೇನೆ. ದಾಸೋಹದ ಬಗ್ಗೆ ಆಯೋಗಕ್ಕೆ ತಿಳಿವಳಿಕೆ ಇಲ್ಲದಿಲ್ಲ. ಧಾರ್ಮಿಕ ಸಂಸ್ಥೆಗಳು ರೂಢಿಯಂತೆ ನಡೆಸುವ ಲಂಗರ್, ದಾಸೋಹದಂಥ ಸಾಮೂಹಿಕ ಊಟದಲ್ಲಿ ಅಭ್ಯರ್ಥಿ ಎಲ್ಲರಂತೆ ಬಂದು ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರೆ ಆ ಖರ್ಚು ಅವರ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಊಟಕ್ಕೆ ಅಭ್ಯರ್ಥಿಯೇ ಹಣ ಕೊಟ್ಟಿದ್ದರೆ, ಮತದಾರರನ್ನು ಸತ್ಕರಿಸಲು ನಡೆಸಿದ್ದರೆ, ಅಲ್ಲಿ ಪ್ರಚಾರ ನಡೆದರೆ, ಅದು ಚುನಾವಣಾ ವೆಚ್ಚ. ದೂರದ ದೆಹಲಿಯಲ್ಲಿ ಕುಳಿತ ಅಧಿಕಾರಿಗಳು ದಾಸೋಹಕ್ಕೂ ಔತಣಕ್ಕೂ ಇರುವ ಭೇದವನ್ನು ಇಷ್ಟು ಸರಿಯಾಗಿ ಹಿಡಿದಿದ್ದಾರೆ. ನಾವು ಹಿಡಿದಿದ್ದೇವೆಯೇ? ದಾಸೋಹದಲ್ಲಿ ಕೊಡುವವನಿಗೆ ಹೆಸರಿಲ್ಲ, ತಾನು ಕೊಟ್ಟೆ ಎಂಬ ಭಾವವೂ ಇರಬಾರದು. ನಮ್ಮ ಕೆಲವು ಮಠಗಳ ದಾಸೋಹ ಮನೆಯ ಬಾಗಿಲಿಗೆ ಚುನಾವಣೆಯ ವರ್ಷದಲ್ಲಿ ಕಟ್ಟುವ ಬ್ಯಾನರುಗಳಲ್ಲಿ ಹೆಸರು, ಕೈ ಮುಗಿದ ಫೋಟೋ, ಹಿಂಬಾಲಕರ ಸಾಲು ಸಾಲು ಮುಖಗಳು. ಪೂಜ್ಯರ ಭಾವಚಿತ್ರ ಒಂದು ಮೂಲೆಯಲ್ಲಿ.

ಸತ್ಯಕ್ಕ, ಲಕ್ಕಮ್ಮರ ಪರಂಪರೆ ನಮ್ಮದು. ಆಯ್ದ ಅಕ್ಕಿ ಅಂದಿನ ಅಗತ್ಯಕ್ಕಿಂತ ಹೆಚ್ಚಾಗಿದ್ದನ್ನು ಕಂಡು ಲಕ್ಕಮ್ಮ ಮಾರಯ್ಯನನ್ನು ಹಿಂದಕ್ಕೆ ಕಳಿಸಿದ ಕಥೆಯನ್ನು ಪ್ರತಿ ಶ್ರಾವಣದ ಪ್ರವಚನದಲ್ಲಿ ಕೇಳುತ್ತೇವೆ. ಹೆಚ್ಚು ಬಂದ ಅಕ್ಕಿ ಎಲ್ಲಿಂದ, ಯಾಕೆ ಬಂತು ಎಂದು ಆಕೆ ಕೇಳಿದಳು. ನಮ್ಮ ಕಮಿಟಿಗಳು ಅಷ್ಟು ಕೇಳಿದರೂ ಸಾಕು.

1988ರಲ್ಲಿ ಬಂದ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯ್ದೆಯ ಬಗ್ಗೆಯೂ ಹಲವರಿಗೆ ಗೊತ್ತಿಲ್ಲ. ಮಠದ ಆವರಣವನ್ನಾಗಲಿ ಹಣವನ್ನಾಗಲಿ ರಾಜಕೀಯ ಚಟುವಟಿಕೆಗೆ ಬಳಸಿದರೆ, ಬಳಸಲು ಬಿಟ್ಟರೆ, ವ್ಯವಸ್ಥಾಪಕರಿಗೆ ಐದು ವರ್ಷದವರೆಗೆ ಸೆರೆವಾಸ. ಸಮುದಾಯ ಭವನದಲ್ಲಿ 'ಸಮಾಜದ ಸಭೆ' ಎಂದು ಕರೆದು ಮತ ಕೇಳಿಸಿದರೆ ಸಿಕ್ಕಿಕೊಳ್ಳುವವರು ಬಾಡಿಗೆ ಚೀಟಿಗೆ ಸಹಿ ಹಾಕಿದ ನಮ್ಮ ಮುಗ್ಧ ಹಿರಿಯರು. ಅಭ್ಯರ್ಥಿ ಅಷ್ಟರಲ್ಲಿ ಮುಂದಿನ ಊರಿಗೆ ಹೋಗಿರುತ್ತಾರೆ.

ಕೆಲವು ಪೂಜ್ಯರು ನನಗೆ ಹೇಳುವ ಕಷ್ಟವೂ ಸುಳ್ಳಲ್ಲ. ಉಚಿತ ಪ್ರಸಾದ ನಿಲಯಗಳು ನಡೆಯಬೇಕು, ಹಳ್ಳಿಯ ಬಡ ಮಕ್ಕಳು ಓದಬೇಕು, ರೈತನ ಕೈ ಬರಿದಾದ ವರ್ಷ ಕಾಣಿಕೆಯೂ ಕಡಿಮೆ. ಬಾಗಿಲಿಗೆ ಬಂದ ಅಕ್ಕಿಯನ್ನು ಹಿಂದೆ ಕಳಿಸಿದರೆ ಮಕ್ಕಳಿಗೆ ಏನು ಬಡಿಸುವುದು? ಈ ಪ್ರಶ್ನೆಯನ್ನು ತಳ್ಳಿಹಾಕುವಷ್ಟು ಸುಲಭದ ಉತ್ತರ ನನ್ನಲ್ಲಿಲ್ಲ. ಆದರೆ ಅಕ್ಕಿಯನ್ನು ತೆಗೆದುಕೊಂಡರೂ ಬ್ಯಾನರು, ವೇದಿಕೆ, ಶಾಲು, ಫೋಟೋ ಕೊಡಲೇಬೇಕೆಂದು ಯಾವ ಆಗಮವೂ ಹೇಳಿಲ್ಲ. ಹೆಸರಿಲ್ಲದೆ ಕೊಡಿ ಎಂದು ಹೇಳಿ ನೋಡಿದರೆ ಭಕ್ತಿ ಎಷ್ಟು, ವೆಚ್ಚ ಎಷ್ಟು ಎಂಬುದು ಅಲ್ಲಿಯೇ ಗೊತ್ತಾಗುತ್ತದೆ.

ಹಾಗಾಗಿ ಪತ್ರಿಕೆಯ ಪರವಾಗಿ ಮಠಗಳಿಗೆ ನನ್ನ ಬಿನ್ನಹ ಇಷ್ಟು. ಚುನಾವಣೆ ನಡೆಯಬೇಕಾದ ದಿನಕ್ಕೆ ಒಂದು ವರ್ಷ ಮೊದಲಿನಿಂದ, ಸ್ಪರ್ಧಿಸುವ ಮಾತು ಕೇಳಿಬರುತ್ತಿರುವ ಯಾರಿಂದಲೂ ಜಾತ್ರೆ, ದಾಸೋಹ, ಕಟ್ಟಡಕ್ಕೆ ಬಂದ ದೇಣಿಗೆಯನ್ನು ತಾರೀಖಿನ ಸಮೇತ ಒಂದು ಪುಸ್ತಕದಲ್ಲಿ ಬರೆದು ಮಠದ ಫಲಕದಲ್ಲಿ ಹಾಕಿ. ಕಾನೂನು 1975ರಲ್ಲಿ ಮುಚ್ಚಿದ ಪುಟವನ್ನು ನಾವೇ ತೆರೆಯೋಣ. 2015ರ ತನ್ನ 255ನೇ ವರದಿಯಲ್ಲಿ ಕಾನೂನು ಆಯೋಗ ಲೆಕ್ಕವನ್ನು ಮತ್ತೆ ಅಧಿಸೂಚನೆಯ ದಿನದಿಂದ ಆರಂಭಿಸಬೇಕೆಂದು ಶಿಫಾರಸು ಮಾಡಿದೆ. ನನ್ನ ದೃಷ್ಟಿಯಲ್ಲಿ ಅದೂ ಕಡಿಮೆಯೇ. ಆದರೆ ಮತ ಕೇಳಲು ಬರುವವರಿಗೆ ಆ ಶಿಫಾರಸಿನ ಬಗ್ಗೆ, ಪಕ್ಷಗಳ ಖರ್ಚಿಗೆ ಮಿತಿ ಹಾಕುವ ಬಗ್ಗೆ ನಿಮ್ಮ ನಿಲುವೇನು ಎಂದು ಸಭೆಯಲ್ಲೇ ಕೇಳಬಹುದು. ಸಮುದಾಯ ಭವನಕ್ಕೆ ಅನುದಾನ ಎಷ್ಟು ಎಂದು ಕೇಳುವ ಬದಲು ಇದನ್ನು ಕೇಳಿದರೆ ಅವರಿಗೆ ಸ್ವಲ್ಪ ಆಶ್ಚರ್ಯವಾದೀತು.

ಯುವಕರಿಗೆ ಒಂದು ಕೆಲಸವಿದೆ. ಅಭ್ಯರ್ಥಿಗಳು ಸಲ್ಲಿಸಿದ ವೆಚ್ಚದ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ಚುನಾವಣಾ ನಿಯಮಗಳು ಇದಕ್ಕೆ ನಿಗದಿ ಮಾಡಿರುವ ಶುಲ್ಕ ಒಂದು ರೂಪಾಯಿ. ದೃಢೀಕೃತ ಪ್ರತಿ ಬೇಕಾದರೆ ಬೇರೆ ಶುಲ್ಕ ಕಟ್ಟಬೇಕು. ಹಾವೇರಿಯಲ್ಲಿ ಜಿಲ್ಲಾಧಿಕಾರಿಗಳೇ ಜಿಲ್ಲಾ ಚುನಾವಣಾಧಿಕಾರಿಗಳು, ಅವರ ಕಚೇರಿಯ ಚುನಾವಣಾ ಶಾಖೆಯಲ್ಲಿ ಅರ್ಜಿ ಕೊಡಿ. ನಿಮ್ಮ ಊರಿನಲ್ಲಿ ನಡೆದ ಸಭೆಯ ತಾರೀಖು, ಹಾಕಿದ ಕುರ್ಚಿ, ಬಂದ ವಾಹನಗಳ ಸಂಖ್ಯೆಯನ್ನು ಆ ದಿನವೇ ಒಂದು ವಹಿಯಲ್ಲಿ ಬರೆದಿಟ್ಟುಕೊಂಡಿರಿ. ಬಿಳಿ ಹಾಳೆಯಲ್ಲಿ ಆ ದಿನದ ಪುಟ ತೆಗೆದು, ದರಪಟ್ಟಿಯ ಜೊತೆ ಇಟ್ಟು ನೋಡಿ. ವ್ಯತ್ಯಾಸ ಕಂಡರೆ ಜಿಲ್ಲಾ ಚುನಾವಣಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ತಾಲೂಕುಗಳ ಬಸವ ಬಳಗದವರು ಊರಿಗೆ ಇಬ್ಬರಂತೆ ಹೆಸರು ಕೊಟ್ಟರೆ, ಅರ್ಜಿಯ ನಮೂನೆಯನ್ನೂ ವಹಿಯ ಮಾದರಿಯನ್ನೂ ಮುಂದಿನ ಸಂಚಿಕೆಯೊಂದಿಗೆ ಅವರಿಗೆ ಕಳಿಸುತ್ತೇವೆ. ಹೆಸರುಗಳನ್ನು ನಿಮ್ಮ ಮಠದಲ್ಲಿ ಪತ್ರಿಕೆ ಹಂಚುವವರ ಬಳಿ ಹುಣ್ಣಿಮೆಯೊಳಗೆ ಕೊಡಬೇಕು.